ಮಾಸ್ ಸ್ಪೆಕ್ಟ್ರಮ್ ಓದಲು ಎಲ್ಲಿಂದ ಆರಂಭಿಸಬೇಕು? 152ರ ಒಂದು ಅಜ್ಞಾತ ಮಾದರಿ

ಎಂಎಸ್ಸಿ_ಎರಡನೇವರ್ಷ

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನೈಟ್ರೋಜನ್ ನಿಯಮ, ಮೆಕ್ಲಾಫರ್ಟಿ ಮರುಜೋಡಣೆ, ಯಾವ ಸಂಖ್ಯೆ ಯಾವ ತುಣುಕಿನದು ಎಂಬ ಪಟ್ಟಿ ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೂ ಒಂದು ಹೊಸ ಸ್ಪೆಕ್ಟ್ರಮ್ ಮುಂದಿಟ್ಟರೆ ಮೊದಲು ಯಾವ ಪೀಕ್ ನೋಡಬೇಕೆಂದೇ ತೋಚುವುದಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ನಮಗೆ ಒಂದು ಜಿಸಿ-ಎಂಎಸ್ (ಮಿಶ್ರಣವನ್ನು ಬೇರ್ಪಡಿಸಿ ಪ್ರತಿ ಪದಾರ್ಥದ ಅಯಾನುಗಳ ದ್ರವ್ಯರಾಶಿ ಅಳೆಯುವ ಉಪಕರಣ) ಮುದ್ರಿತ ಪ್ರತಿಯನ್ನು ಮಾತ್ರ ಕೊಟ್ಟಿದ್ದಾರೆ, ಮಾದರಿಯನ್ನು ಕೊಟ್ಟಿಲ್ಲ. ಇಲೆಕ್ಟ್ರಾನ್ ಅಯಾನೀಕರಣ (ಇಲೆಕ್ಟ್ರಾನ್‌ಗಳಿಂದ ಬಡಿದು ಅಣುವನ್ನು ಅಯಾನು ಮಾಡುವುದು), 70 ಇಲೆಕ್ಟ್ರಾನ್ ವೋಲ್ಟ್. ಮುಖ್ಯ ಪೀಕ್‌ಗಳ ದ್ರವ್ಯರಾಶಿಯೂ, ಆವರಣದಲ್ಲಿ ಅತಿ ಎತ್ತರದ್ದನ್ನು 100 ಎಂದಿಟ್ಟುಕೊಂಡ ಎತ್ತರವೂ ಹೀಗಿವೆ:

154 (0.45), 153 (4.2), 152 (48), 121 (30), 120 (100), 93 (15), 92 (58), 65 (22), 64 (14), 63 (15), 39 (20).

ಗೆಳತಿಯೊಬ್ಬಳು ಇದನ್ನು ಗಣಕದಲ್ಲಿರುವ ಸ್ಪೆಕ್ಟ್ರಮ್‌ಗಳ ಲೈಬ್ರರಿಯಲ್ಲಿ ಹುಡುಕಿ ಉತ್ತರ ಬರೆದುಬಿಟ್ಟಳು. ನನಗೆ ಉತ್ತರಕ್ಕಿಂತ ಅಲ್ಲಿಗೆ ಹೋಗುವ ದಾರಿ ಬೇಕು. ದಯವಿಟ್ಟು ಹೆಸರನ್ನು ನೇರವಾಗಿ ಹೇಳಬೇಡಿ.

ಹಳೆಯ_ಜಿಸಿ

ನೀವು ಕೇಳಿದ ರೀತಿ ಬಹಳ ಸರಿಯಾಗಿದೆ, ಹೆಸರನ್ನು ನಾವು ಯಾರೂ ಹೇಳುವುದಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ಹೊಸಬರು ಮೊದಲು ಅತಿ ಎತ್ತರದ ಪೀಕ್ ಮೇಲೆ ಕಣ್ಣು ಹಾಕುತ್ತಾರೆ, ಪಟ್ಟಿ ತೆಗೆದು 120 ಯಾವುದರ ತುಣುಕು ಎಂದು ಹುಡುಕತೊಡಗುತ್ತಾರೆ. ಅದು ಪುಸ್ತಕವನ್ನು ನಡುವಿನಿಂದ ಓದಿದಂತೆ. ಬಲತುದಿಯಿಂದ ಆರಂಭಿಸಿ.

ಮೊದಲ ಪ್ರಶ್ನೆ: 152 ನಿಜವಾಗಿಯೂ ಅಣು ಅಯಾನೇ, ಅಂದರೆ ಒಡೆಯದೆ ಉಳಿದ ಇಡೀ ಅಣುವಿನ ಅಯಾನೇ? ಅದಕ್ಕಿಂತ ಭಾರದ ಪೀಕ್‌ಗಳು 153 ಮತ್ತು 154 ಮಾತ್ರ, ಅವು ತೀರ ಚಿಕ್ಕವು, ಐಸೋಟೋಪುಗಳಿಂದ ಬಂದವೆಂದು ಒಪ್ಪಬಹುದು. ಮುಂದಿನ ಪ್ರಮುಖ ಪೀಕ್ 121, ಅಂದರೆ 31ರ ನಷ್ಟ, ಇದು ಸಹಜ. ಒಂದು ವೇಳೆ ಮುಂದಿನ ಪೀಕ್ 142ರಲ್ಲೋ 145ರಲ್ಲೋ ಇದ್ದಿದ್ದರೆ ನಾನು 152ನ್ನು ನಂಬುತ್ತಿರಲಿಲ್ಲ, ಏಕೆಂದರೆ ಅಣುವಿನಿಂದ 4ರಿಂದ 14ರವರೆಗಿನ ದ್ರವ್ಯರಾಶಿ ಕಳಚಿಹೋಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಅಂಥ ಅಂತರ ಕಂಡರೆ ಎರಡು ಪದಾರ್ಥಗಳು ಬೆರೆತಿವೆ, ಇಲ್ಲವೇ ಅಣು ಅಯಾನು ಕಾಣಿಸಿಕೊಂಡೇ ಇಲ್ಲ ಎಂದು ತಿಳಿಯಬೇಕು.

ಎರಡನೆಯದು ಕಾರ್ಬನ್ ಎಣಿಕೆ. ಪ್ರಕೃತಿಯಲ್ಲಿರುವ ಕಾರ್ಬನ್‌ನಲ್ಲಿ ಸುಮಾರು ಶೇಕಡಾ 1.1ರಷ್ಟು ಕಾರ್ಬನ್-13 ಇರುತ್ತದೆ. ಆದ್ದರಿಂದ 153ರ ಎತ್ತರವನ್ನು 152ರ ಎತ್ತರದಿಂದ ಭಾಗಿಸಿ, ಶೇಕಡಾವಾರಿಗೆ ತಿರುಗಿಸಿ, 1.1ರಿಂದ ಭಾಗಿಸಿದರೆ ಕಾರ್ಬನ್‌ಗಳ ಸಂಖ್ಯೆ ಸಿಗುತ್ತದೆ. ನೀವೇ ಮಾಡಿ ನೋಡಿ. ಒಂದು ಎಚ್ಚರಿಕೆ ಮಾತ್ರ: ಕ್ರೊಮ್ಯಾಟೊಗ್ರಾಮಿನ (ಪದಾರ್ಥಗಳು ಬೇರ್ಪಟ್ಟು ಹೊರಬರುವುದನ್ನು ತೋರಿಸುವ ನಕ್ಷೆಯ) ಪೀಕ್ ತೀರ ದೊಡ್ಡದಾಗಿ ಡಿಟೆಕ್ಟರ್ ತುಂಬಿಹೋಗಿದ್ದರೆ 152 ತನ್ನ ನಿಜವಾದ ಎತ್ತರಕ್ಕೆ ಏರದೆ ಮೊಟಕಾಗುತ್ತದೆ, 153 ಮಾತ್ರ ಸರಿಯಾಗಿ ಏರುತ್ತದೆ, ಆಗ ಕಾರ್ಬನ್‌ಗಳು ಇರುವುದಕ್ಕಿಂತ ಹೆಚ್ಚು ಸಿಗುತ್ತವೆ. ಅಯಾನು ಮೂಲದಲ್ಲಿ ಅಣುಗಳು ದಟ್ಟವಾಗಿದ್ದಾಗ ಅಣು ಅಯಾನು ಪಕ್ಕದ ಅಣುವಿನಿಂದ ಒಂದು ಹೈಡ್ರೋಜನ್ ಕಸಿದುಕೊಂಡು 153ನ್ನು ಹಿಗ್ಗಿಸುವುದೂ ಉಂಟು. ಕ್ರೊಮ್ಯಾಟೊಗ್ರಾಮಿನ ಪೀಕಿನ ನೆತ್ತಿಯ ಬದಲು ಅದರ ಇಳಿಜಾರಿನಿಂದ ಸ್ಪೆಕ್ಟ್ರಮ್ ತೆಗೆದುಕೊಳ್ಳುವ ಅಭ್ಯಾಸ ಒಳ್ಳೆಯದು.

ಎಂಎಸ್ಸಿ_ಎರಡನೇವರ್ಷ

ಲೆಕ್ಕ ಹಾಕಿದೆ ಸರ್. 4.2ನ್ನು 48ರಿಂದ ಭಾಗಿಸಿದರೆ ಶೇಕಡಾ 8.75, ಅದನ್ನು 1.1ರಿಂದ ಭಾಗಿಸಿದರೆ 7.95. ಹಾಗಾದರೆ ಎಂಟು ಕಾರ್ಬನ್. ಎಂಟು ಕಾರ್ಬನ್‌ಗೆ 96 ಹೋದರೆ 56 ಉಳಿಯುತ್ತದೆ. 152 ಸಮ ಸಂಖ್ಯೆಯಾದ್ದರಿಂದ ನೈಟ್ರೋಜನ್ ಇಲ್ಲ ಎಂದುಕೊಂಡೆ. 152ರಿಂದ 120ಕ್ಕೆ 32 ಹೋಗಿದೆ, ಅದು ಗಂಧಕ ಇರಬಹುದು ಅನ್ನಿಸುತ್ತಿದೆ. ಸರಿಯೇ?

ರಸಾಯನ_ಮೇಷ್ಟ್ರು

ಕಾರ್ಬನ್ ಎಣಿಕೆ ಸರಿಯಾಗಿದೆ. ಮುಂದಿನ ಎರಡು ತೀರ್ಮಾನಗಳಲ್ಲಿ ಅವಸರವಾಗಿದೆ, ಎರಡನ್ನೂ ಬಿಡಿಸಿ ನೋಡೋಣ.

ಸಮ ದ್ರವ್ಯರಾಶಿ ಎಂದರೆ ನೈಟ್ರೋಜನ್ ಇಲ್ಲ ಎಂದಲ್ಲ. ನೈಟ್ರೋಜನ್ ಇಲ್ಲ, ಅಥವಾ ಸಮ ಸಂಖ್ಯೆಯಲ್ಲಿದೆ ಎಂದು. ಎಂಟು ಕಾರ್ಬನ್ ಹೋಗಿ ಉಳಿದ 56ನ್ನು ಎಂಟು ಹೈಡ್ರೋಜನ್ ಮತ್ತು ಮೂರು ಆಮ್ಲಜನಕದಿಂದ ತುಂಬಬಹುದು, ಹನ್ನೆರಡು ಹೈಡ್ರೋಜನ್, ಎರಡು ನೈಟ್ರೋಜನ್ ಮತ್ತು ಒಂದು ಆಮ್ಲಜನಕದಿಂದಲೂ ತುಂಬಬಹುದು. ಎರಡನೆಯದಾದರೆ ಪ್ರತಿ ನೈಟ್ರೋಜನ್ ತನ್ನ ಪಾಲಿನ ಸುಮಾರು ಶೇಕಡಾ 0.37ನ್ನು ಸೇರಿಸುವುದರಿಂದ 153ರ ಪಾಲು 9.5ರ ಹತ್ತಿರ ಬರಬೇಕಿತ್ತು. ನಿಮ್ಮ 8.75 ಮೊದಲನೆಯ ಸೂತ್ರದ ಕಡೆ ವಾಲುತ್ತದೆ, ಆದರೆ ಇಷ್ಟು ಚಿಕ್ಕ ಅಂತರದ ಮೇಲೆ ಪಣ ಕಟ್ಟಬೇಡಿ. ಎರಡನೆಯ ಸೂತ್ರವನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡು ಮುಂದುವರಿಯಿರಿ. ಹೆಚ್ಚು ಪೃಥಕ್ಕರಣ ಸಾಮರ್ಥ್ಯದ ಉಪಕರಣವಿದ್ದರೆ ಒಂದೇ ಏಟಿಗೆ ತೀರ್ಮಾನವಾಗುತ್ತದೆ: ಮೊದಲನೆಯದರ ನಿಖರ ದ್ರವ್ಯರಾಶಿ 152.0473, ಎರಡನೆಯದರದು 152.0950.

ಗಂಧಕಕ್ಕೆ ಬರೋಣ. ಗಂಧಕ ಅಣುವಿನಲ್ಲಿದ್ದರೆ ಅದು ಮರೆಯಾಗಿರಲು ಸಾಧ್ಯವಿಲ್ಲ. ಗಂಧಕ-34 ಎಂಬ ಐಸೋಟೋಪು ಗಂಧಕ-32ರ ಸುಮಾರು ಶೇಕಡಾ 4.4ರಷ್ಟಿರುವುದರಿಂದ 154ರ ಪೀಕ್ 152ರ ಶೇಕಡಾ 4.4ಕ್ಕಿಂತ ಕಡಿಮೆ ಇರುವಂತಿಲ್ಲ. ನಿಮ್ಮಲ್ಲಿ 0.45ನ್ನು 48ರಿಂದ ಭಾಗಿಸಿದರೆ ಶೇಕಡಾ 0.94 ಮಾತ್ರ. ಎಂಟು ಕಾರ್ಬನ್ ಮತ್ತು ಮೂರು ಆಮ್ಲಜನಕಕ್ಕೆ ನಿರೀಕ್ಷಿಸಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕ್ಲೋರಿನ್ ಇದ್ದಿದ್ದರೆ 154ರ ಪೀಕ್ 152ರ ಮೂರನೇ ಒಂದರಷ್ಟು ನಿಂತಿರುತ್ತಿತ್ತು, ಬ್ರೋಮಿನ್ ಇದ್ದಿದ್ದರೆ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತಿದ್ದವು. ಮುದ್ರಿತ ಪ್ರತಿಯ ಆ ಮೂಲೆಯಲ್ಲಿ ಬಹುತೇಕ ಕಾಣದಂತಿರುವ ಒಂದು ಗೆರೆ ಮೂರು ಮೂಲವಸ್ತುಗಳನ್ನು ಹೊರಗಿಟ್ಟಿತು. ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಈ ಗೆರೆಯನ್ನು ಕೈಯಿಂದ ಅಳೆಯಲು ಹೇಳುತ್ತೇನೆ.

ಹಾಗಾದರೆ 32 ಯಾವುದು? ಗಂಧಕ ಹೋಯಿತು. ಆಮ್ಲಜನಕದ ಜೋಡಿ ಸಾವಯವ ಅಣುವಿನಿಂದ ಹಾಗೆ ಕಳಚುವುದು ಅಪರೂಪ. ಉಳಿದದ್ದು ಮೆಥನಾಲ್. ಈಗ ಒಂದು ಪ್ರಶ್ನೆ ನಿಮಗೆ: 120 ಸಮ ಸಂಖ್ಯೆ, 121 ಬೆಸ ಸಂಖ್ಯೆ. ಇದರಿಂದ ಏನು ತಿಳಿಯುತ್ತದೆ?

ಎಂಎಸ್ಸಿ_ಎರಡನೇವರ್ಷ

ನೈಟ್ರೋಜನ್ ಇಲ್ಲದ ಅಣುವಿನ ದ್ರವ್ಯರಾಶಿ ಸಮ. ಒಂದೇ ಬಂಧ ಮುರಿದು ಜೋಡಿಯಿಲ್ಲದ ಇಲೆಕ್ಟ್ರಾನ್ ಇರುವ ತುಣುಕು, ಅಂದರೆ ರ‍್ಯಾಡಿಕಲ್ ಹೊರಟುಹೋದರೆ ಉಳಿದ ಅಯಾನು ಬೆಸ ಆಗುತ್ತದೆ. ಹಾಗಾಗಿ 121 ಎಂದರೆ 31, ಮೆಥಾಕ್ಸಿ ರ‍್ಯಾಡಿಕಲ್ ಹೋಗಿದೆ. 120 ಸಮವಾಗಿರುವುದರಿಂದ ಇಡೀ ಮೆಥನಾಲ್ ಅಣುವೇ ಹೋಗಿದೆ. ಅದಕ್ಕೆ ಎರಡು ಬಂಧ ಮುರಿಯಬೇಕು, ಹೈಡ್ರೋಜನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಆದರೆ ಆ ಹೈಡ್ರೋಜನ್ ಎಲ್ಲಿಂದ ಬಂತು?

ರಸಾಯನ_ಮೇಷ್ಟ್ರು

ಈ ಸ್ಪೆಕ್ಟ್ರಮ್ಮಿನ ಜೀವವೇ ನಿಮ್ಮ ಕೊನೆಯ ಪ್ರಶ್ನೆಯಲ್ಲಿದೆ. ಅದಕ್ಕೆ ಉತ್ತರಿಸುವ ಮೊದಲು ಎಡಕ್ಕೆ ಸಾಗಿ ಉಳಿದ ಪೀಕ್‌ಗಳ ನಡುವಿನ ಅಂತರಗಳನ್ನು ಬರೆಯಿರಿ. ಪೀಕ್‌ಗಳ ಹೆಸರನ್ನಲ್ಲ, ಅಂತರಗಳನ್ನು.

ಎಂಎಸ್ಸಿ_ಎರಡನೇವರ್ಷ

120ರಿಂದ 92ಕ್ಕೆ 28. 92ರಿಂದ 64ಕ್ಕೆ ಮತ್ತೆ 28. 121ರಿಂದ 93ಕ್ಕೆ 28, 93ರಿಂದ 65ಕ್ಕೆ 28. ಎರಡು ಏಣಿಗಳು! ಒಂದು ಸಮ ಸಂಖ್ಯೆಗಳದು, ಇನ್ನೊಂದು ಬೆಸ ಸಂಖ್ಯೆಗಳದು. ಇಷ್ಟು ದಿನ ನೋಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಳೆಯ_ಜಿಸಿ

ಎರಡೂ ಏಣಿಗಳ ಮೆಟ್ಟಿಲು ಒಂದೇ, ಕಾರ್ಬನ್ ಮಾನಾಕ್ಸೈಡ್. ಮೊದಲ 28, ಮೆಥಾಕ್ಸಿ ಕಳಚಿದ ಮೀಥೈಲ್ ಎಸ್ಟರಿನಲ್ಲಿ ಉಳಿದ ಕಾರ್ಬೊನಿಲ್‌ನಿಂದ. ಎರಡನೆಯ 28 ಬೆಂಜೀನ್ ಉಂಗುರಕ್ಕೆ ಅಂಟಿದ್ದ ಆಮ್ಲಜನಕ ಉಂಗುರದ ಒಂದು ಕಾರ್ಬನ್ನನ್ನು ಹಿಡಿದುಕೊಂಡೇ ಹೊರಬಿದ್ದದ್ದು, ಇದು ಫೀನಾಲ್‌ಗಳ ಸ್ವಭಾವ. ಉಳಿದ 65 ಐದು ಕಾರ್ಬನ್ ಮತ್ತು ಐದು ಹೈಡ್ರೋಜನ್‌ಗಳ ಅಯಾನು, ಅದರ ಕೆಳಗೆ 39 ಬರುವುದು ಆರೊಮ್ಯಾಟಿಕ್ ಅಣುಗಳಲ್ಲಿ ಮಾಮೂಲು. ಅಸಂತೃಪ್ತತೆಯ (ಉಂಗುರ ಮತ್ತು ದ್ವಿಬಂಧಗಳ ಒಟ್ಟು) ಲೆಕ್ಕವೂ ಇದಕ್ಕೆ ಹೊಂದುತ್ತದೆ: ಎಂಟು ಕಾರ್ಬನ್‌ನಿಂದ ಹೈಡ್ರೋಜನ್‌ನ ಅರ್ಧ ನಾಲ್ಕನ್ನು ಕಳೆದು ಒಂದು ಕೂಡಿಸಿದರೆ ಐದು, ಅದರಲ್ಲಿ ನಾಲ್ಕು ಬೆಂಜೀನ್ ಉಂಗುರದ ಪಾಲಿಗೆ, ಒಂದು ಕಾರ್ಬೊನಿಲ್‌ಗೆ. ಮೇಷ್ಟ್ರು ಅಂಚಿನಲ್ಲಿ ಬರೆಸಿದ ನೈಟ್ರೋಜನ್ ಸೂತ್ರಕ್ಕೆ ಈ ಏಣಿಗಳನ್ನು ವಿವರಿಸಲು ಬೇಕಾದಷ್ಟು ಆಮ್ಲಜನಕವೇ ಇಲ್ಲ.

ಪರೀಕ್ಷಾರ್ಥಿ_ಧಾರವಾಡ

ನಡುವೆ ಪ್ರವೇಶಿಸಿದ್ದಕ್ಕೆ ಕ್ಷಮಿಸಿ. ನಾನು ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಉಂಗುರ, ಹೈಡ್ರಾಕ್ಸಿಲ್, ಮೀಥೈಲ್ ಎಸ್ಟರ್ ಮೂರೂ ಸಿಕ್ಕವು. ಆದರೆ ಹೈಡ್ರಾಕ್ಸಿಲ್ ಎಸ್ಟರಿನ ಪಕ್ಕದಲ್ಲಿದೆಯೋ, ಎದುರಿನಲ್ಲಿದೆಯೋ ಎಂಬುದನ್ನು ಮಾಸ್ ಸ್ಪೆಕ್ಟ್ರಮ್ ಹೇಳಲಾರದು ಎಂದು ನಮಗೆ ಕಲಿಸಿದ್ದಾರೆ. ಪಕ್ಕದಲ್ಲಿದ್ದರೆ 120, ಎದುರಿನಲ್ಲಿದ್ದರೆ 121 ಎನ್ನುವುದಾದರೆ, ಇಲ್ಲಿ ಎರಡೂ ಇವೆಯಲ್ಲ? 121 ಶೇಕಡಾ 30ರಷ್ಟು ಇದೆ.

ರಸಾಯನ_ಮೇಷ್ಟ್ರು

ಒಳ್ಳೆಯ ಆಕ್ಷೇಪ, ಇದಕ್ಕೆ ಸಂಖ್ಯೆಗಳಿಂದಲೇ ಉತ್ತರ ಕೊಡಬೇಕು. 121ರ ಆ 30ರಲ್ಲಿ ಎಲ್ಲವೂ ಮೆಥಾಕ್ಸಿ ನಷ್ಟದಿಂದ ಬಂದದ್ದಲ್ಲ. 120ರ ಅಯಾನಿನಲ್ಲಿ ಏಳು ಕಾರ್ಬನ್‌ಗಳಿವೆ, ಅವುಗಳ ಕಾರ್ಬನ್-13ರ ಪಾಲು 7ನ್ನು 1.1ರಿಂದ ಗುಣಿಸಿದಷ್ಟು, ಅಂದರೆ 7.7. ಅದನ್ನು ಕಳೆದರೆ 121ಕ್ಕೆ ಸ್ವಂತವಾಗಿ ಉಳಿಯುವುದು ಸುಮಾರು 22. ಹಾಗಾಗಿ ಅಣುವಿಗೆ ಎರಡು ದಾರಿಗಳೂ ತೆರೆದಿವೆ, ಆದರೆ ಹೆಚ್ಚಿನ ಅಯಾನುಗಳು ಮೆಥನಾಲ್ ಕಳಚುವ ದಾರಿಯನ್ನೇ ಹಿಡಿದಿವೆ.

ಈ ದಾರಿ ತೆರೆಯಬೇಕಾದರೆ ಫೀನಾಲಿನ ಹೈಡ್ರೋಜನ್ ಎಸ್ಟರಿನ ಮೆಥಾಕ್ಸಿ ಆಮ್ಲಜನಕವನ್ನು ಮುಟ್ಟುವಷ್ಟು ಹತ್ತಿರದಲ್ಲಿರಬೇಕು. ಉಂಗುರದ ಪಕ್ಕದ ಕಾರ್ಬನ್‌ಗಳಲ್ಲಿ ಎರಡೂ ಇದ್ದಾಗ ಆರು ಪರಮಾಣುಗಳ ಸುತ್ತಿನಲ್ಲಿ ಹೈಡ್ರೋಜನ್ ದಾಟುತ್ತದೆ, ಮೆಥನಾಲ್ ಇಡಿಯಾಗಿ ಹೊರಬೀಳುತ್ತದೆ. ಇದನ್ನೇ ಆರ್ಥೋ (ಪಕ್ಕದ ಸ್ಥಾನದ) ಪರಿಣಾಮ ಎನ್ನುತ್ತೇವೆ. ಹೈಡ್ರಾಕ್ಸಿಲ್ ಉಂಗುರದ ಎದುರು ತುದಿಯಲ್ಲಿದ್ದರೆ ಅದರ ಕೈ ಅಲ್ಲಿಗೆ ನಿಲುಕುವುದಿಲ್ಲ, ಆಗ ಮೆಥಾಕ್ಸಿ ರ‍್ಯಾಡಿಕಲ್ ಹೋಗುವುದೊಂದೇ ಸುಲಭ ದಾರಿ. ಸಂರಕ್ಷಕವಾಗಿ ಬಳಸುವ ಮೀಥೈಲ್ ಪ್ಯಾರಾಬೆನ್‌ನ ಸ್ಪೆಕ್ಟ್ರಮ್ ತೆಗೆದು ಪಕ್ಕದಲ್ಲಿಡಿ: ಅದೇ ಸೂತ್ರ, ಅದೇ 152, ಆದರೆ ಬೇಸ್ ಪೀಕ್ (ಅತಿ ಎತ್ತರದ ಪೀಕ್) 121, ಅದರ ಕೆಳಗೆ 93 ಮತ್ತು 65. ಬೆಸ ಏಣಿ ಮಾತ್ರ ಎದ್ದು ಕಾಣುತ್ತದೆ.

ನಿಮಗೆ ಕಲಿಸಿದ್ದು ಅನೇಕ ಸಂದರ್ಭಗಳಲ್ಲಿ ನಿಜ. ಆರ್ಥೋ, ಮೆಟಾ, ಪ್ಯಾರಾ ಕ್ಸೈಲೀನ್‌ಗಳನ್ನು ಮಾಸ್ ಸ್ಪೆಕ್ಟ್ರಮ್‌ನಿಂದ ಬೇರ್ಪಡಿಸಲು ಹೊರಟರೆ ಸೋಲುತ್ತೀರಿ, ಮೂರರಲ್ಲೂ 91 ಮತ್ತು 106 ಒಂದೇ ರೀತಿ ಇರುತ್ತವೆ. ಆದರೆ ನೆರೆಹೊರೆಯ ಗುಂಪುಗಳು ಪರಸ್ಪರ ವರ್ತಿಸಬಲ್ಲವಾದರೆ ಸ್ಥಾನ ತಾನಾಗಿಯೇ ಬಯಲಾಗುತ್ತದೆ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಅಣುವಿನ ಆಕಾರ ಬರೆದುಕೊಂಡು ನಿರ್ಧರಿಸಬೇಕು.

ಎಂಎಸ್ಸಿ_ಎರಡನೇವರ್ಷ

ಹಾಗಾದರೆ ನನ್ನ ಅಜ್ಞಾತ ಮಾದರಿ ಮೀಥೈಲ್ ಸ್ಯಾಲಿಸಿಲೇಟ್. ನೋವಿನ ಮುಲಾಮಿನ ವಾಸನೆಯ ಪದಾರ್ಥ! ಊಟಿಯಿಂದ ತರುವ ವಿಂಟರ್‌ಗ್ರೀನ್ ಎಣ್ಣೆಯನ್ನು ನಮ್ಮ ಅಜ್ಜಿ ಮಂಡಿಗೆ ಹಚ್ಚಿಕೊಳ್ಳುತ್ತಿದ್ದರು. ಗೆಳತಿಗೆ ಲೈಬ್ರರಿ ಕೊಟ್ಟ ಉತ್ತರವೂ ಇದೇ ಆಗಿತ್ತು. ಉತ್ತರ ಒಂದೇ ಆದರೂ ಈಗ ಅದನ್ನು ಯಾರು ಪ್ರಶ್ನಿಸಿದರೂ ಸಮರ್ಥಿಸಿಕೊಳ್ಳಬಲ್ಲೆ.

ಹಳೆಯ_ಜಿಸಿ

ಸರಿಯಾಗಿದೆ. ನೀಲಗಿರಿಯ ಆ ಗಿಡದ ಎಣ್ಣೆಯಲ್ಲಿ ಬಹುಪಾಲು ಇದೇ ಪದಾರ್ಥ. ಮುಲಾಮಿನ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ ಹೇಳುತ್ತೇನೆ. ಅದೇ ಮುಲಾಮುಗಳಲ್ಲಿ ಕರ್ಪೂರವೂ ಇರುತ್ತದೆ, ಅದರ ಅಣು ದ್ರವ್ಯರಾಶಿಯೂ 152. ಹತ್ತು ಕಾರ್ಬನ್, ಹದಿನಾರು ಹೈಡ್ರೋಜನ್, ಒಂದು ಆಮ್ಲಜನಕ. ಅದರಲ್ಲಿ 153ರ ಪಾಲು ಶೇಕಡಾ 11ರ ಹತ್ತಿರ ಇರುತ್ತದೆ, ಬೇಸ್ ಪೀಕ್ 95, ಜೊತೆಗೆ 81 ಮತ್ತು 108. ವೆನಿಲ್ಲಾದ ಪರಿಮಳದ ವೆನಿಲಿನ್ ಕೂಡ 152, ಸೂತ್ರವೂ ನಿಮ್ಮ ಮಾದರಿಯದೇ. ಆದರೆ ಅದು ಆಲ್ಡಿಹೈಡ್ ಆದ್ದರಿಂದ ಒಂದು ಹೈಡ್ರೋಜನ್ ಕಳಚಿ 151 ಭಾರಿಯಾಗಿ ನಿಲ್ಲುತ್ತದೆ. 152 ಎಂಬ ಸಂಖ್ಯೆ ಏನನ್ನೂ ಹೇಳುವುದಿಲ್ಲ, ಅದರ ಅಕ್ಕಪಕ್ಕದ ಗೆರೆಗಳು ಎಲ್ಲವನ್ನೂ ಹೇಳುತ್ತವೆ.

ಲೈಬ್ರರಿಯನ್ನು ನಾನು ದಿನವೂ ಬಳಸುತ್ತೇನೆ, ಅದನ್ನು ಬೇಡವೆನ್ನುವುದಿಲ್ಲ. ಆದರೆ ತನ್ನಲ್ಲಿ ಇಲ್ಲದ ಪದಾರ್ಥವನ್ನು ಕೇಳಿದರೂ ಅದು ಒಂದು ಹೆಸರನ್ನು ಕೊಟ್ಟೇ ಕೊಡುತ್ತದೆ. ಹೆಸರು ಬಂದ ಮೇಲೆ ಧಾರಣ ಸೂಚ್ಯಂಕವನ್ನು, ಅಂದರೆ ಪದಾರ್ಥ ಬೇರ್ಪಡಿಸುವ ಕೊಳವೆಯಿಂದ (ಕಾಲಂ) ಹೊರಬರುವ ಸಮಯದ ಸೂಚಿಯನ್ನು, ಹೋಲಿಸಿ, ಸಾಧ್ಯವಾದರೆ ಅಧಿಕೃತ ಮಾನಕವನ್ನು ಅದೇ ಕಾಲಂನಲ್ಲಿ ಹಾಯಿಸಿ. ಶೇಕಡಾ 5ರಷ್ಟು ಫೀನೈಲ್ ಇರುವ ಸಾಮಾನ್ಯ ಕಾಲಂನಲ್ಲಿ ಮೀಥೈಲ್ ಸ್ಯಾಲಿಸಿಲೇಟ್ 1190ರ ಆಸುಪಾಸಿನಲ್ಲಿ ಬರುತ್ತದೆ, ವೆನಿಲಿನ್ ಎಷ್ಟೋ ತಡವಾಗಿ 1400ರ ಹತ್ತಿರ.

ನನ್ನ ವೃತ್ತಿಯ ಮೊದಲ ವರ್ಷಗಳ ಒಂದು ತಪ್ಪನ್ನೂ ಇಲ್ಲಿ ದಾಖಲಿಸುತ್ತೇನೆ. ಆಗ ನಾನಿದ್ದ ಪ್ರಯೋಗಾಲಯದಲ್ಲಿ ಒಂದು ಎಲೆಯ ಸಾರವನ್ನು ಪರೀಕ್ಷಿಸುವಾಗ ಕೊನೆಯಲ್ಲಿ 149 ಬೇಸ್ ಪೀಕ್ ಆಗಿರುವ ಒಂದು ಪದಾರ್ಥ ಕಂಡಿತು. ಲೈಬ್ರರಿ ಥಾಲೇಟ್ ಎಸ್ಟರಿನ ಹೆಸರು ಕೊಟ್ಟಿತು, ಹೊಂದಾಣಿಕೆಯ ಅಂಕ ಚೆನ್ನಾಗಿತ್ತು, ನಾನು ಅದನ್ನು ಎಲೆಯ ಘಟಕವೆಂದು ವರದಿಯಲ್ಲಿ ಬರೆದೆ. ಕೆಲವು ವಾರಗಳ ನಂತರ ಬರೀ ದ್ರಾವಕವನ್ನು ಹಾಯಿಸಿದಾಗ ಅದೇ ಪೀಕ್ ಅದೇ ನಿಮಿಷಕ್ಕೆ ಬಂತು. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸುವ ಥಾಲೇಟ್ ನಳಿಕೆಯಿಂದ ದ್ರಾವಕಕ್ಕೆ ಇಳಿದಿತ್ತು. ವರದಿಯನ್ನು ಹಿಂದಕ್ಕೆ ಪಡೆದು ತಿದ್ದಬೇಕಾಯಿತು. ಅಂದಿನಿಂದ ಖಾಲಿ ಮಾದರಿಯನ್ನು ಹಾಯಿಸದೆ ನಾನು ಯಾವ ಸ್ಪೆಕ್ಟ್ರಮ್ಮನ್ನೂ ಓದಿಲ್ಲ. 149ರಂತೆಯೇ 73, 207 ಮತ್ತು 281 ಕಾಲಂ ಮತ್ತು ಸೆಪ್ಟಂಗಳ (ಸೂಜಿ ತೂರಿಸುವ ರಬ್ಬರ್ ಬಿರಡೆಗಳ) ಸಿಲಿಕೋನ್‌ನಿಂದ ಬರುತ್ತವೆ. 18, 28, 32 ನೀರು ಮತ್ತು ಗಾಳಿಯವು. ಇವುಗಳನ್ನು ಮೊದಲೇ ಗುರುತಿಸಿ ಪಕ್ಕಕ್ಕಿಡಿ.

ಎಲ್‌ಸಿ_ಬೆಂಚ್

ನಾನು ಔಷಧ ಉದ್ಯಮದಲ್ಲಿ, ದ್ರವದಲ್ಲಿ ಬೇರ್ಪಡಿಸಿ ದ್ರವ್ಯರಾಶಿ ಅಳೆಯುವ ಎಲ್‌ಸಿ-ಎಂಎಸ್ ಮೇಲೆ ಕೆಲಸ ಮಾಡುತ್ತೇನೆ. ಮೇಲಿನ ಚರ್ಚೆ ಇಲೆಕ್ಟ್ರಾನ್ ಅಯಾನೀಕರಣಕ್ಕೆ ಸಂಬಂಧಿಸಿದ್ದು ಎಂಬುದನ್ನು ಹೊಸಬರು ಮರೆಯದಿರಲಿ ಎಂದು ಇಷ್ಟು ಬರೆಯುತ್ತಿದ್ದೇನೆ. ದ್ರಾವಣವನ್ನು ವಿದ್ಯುತ್ ವೋಲ್ಟೇಜಿನಲ್ಲಿ ಸಿಂಪಡಿಸಿ ಅಯಾನು ಮಾಡುವ ನಮ್ಮ ಇಲೆಕ್ಟ್ರೋಸ್ಪ್ರೇಯಲ್ಲಿ ಅಣು ಇಲೆಕ್ಟ್ರಾನ್ ಕಳೆದುಕೊಳ್ಳುವುದಿಲ್ಲ, ಪ್ರೋಟಾನ್ ಪಡೆಯುತ್ತದೆ. ಅದರಿಂದ ಸಮ–ಬೆಸ ಲೆಕ್ಕ ತಲೆಕೆಳಗಾಗುತ್ತದೆ. ಕಾಫಿಯ ಕೆಫೀನ್ ಜಿಸಿ-ಎಂಎಸ್‌ನಲ್ಲಿ 194 ಆಗಿ ಕಾಣಿಸುತ್ತದೆ, ಅದರಲ್ಲಿ ನಾಲ್ಕು ನೈಟ್ರೋಜನ್‌ಗಳಿರುವುದರಿಂದ ಸಂಖ್ಯೆ ಸಮ. ನಮ್ಮಲ್ಲಿ ಅದೇ ಕೆಫೀನ್ 195. ಹೊಸದಾಗಿ ಸೇರಿದವರು 195 ಬೆಸ, ಆದ್ದರಿಂದ ನೈಟ್ರೋಜನ್ ಬೆಸ ಸಂಖ್ಯೆಯಲ್ಲಿದೆ ಎಂದು ಬರೆದದ್ದನ್ನು ನಾನು ಹಲವು ಬಾರಿ ತಿದ್ದಿದ್ದೇನೆ. ನಷ್ಟಗಳನ್ನು ಓದುವ ಕ್ರಮ ಮಾತ್ರ ಎರಡೂ ಕಡೆ ಒಂದೇ: 195ರಿಂದ 57, ಅಂದರೆ ಮೀಥೈಲ್ ಐಸೊಸಯನೇಟ್ ಹೋಗಿ 138, ಅದರಿಂದ ಕಾರ್ಬನ್ ಮಾನಾಕ್ಸೈಡ್ ಹೋಗಿ 110.

ನಿಮ್ಮ ಮೀಥೈಲ್ ಸ್ಯಾಲಿಸಿಲೇಟ್ ನಮ್ಮಲ್ಲಿ 153.0546 ಆಗಿ ಬರಬೇಕು, ಮೆಥನಾಲ್ ಕಳಚಿದರೆ 121.0284. ಇಲ್ಲಿನ 121 ಮತ್ತು ನಿಮ್ಮ 121 ಒಂದೇ ಸೂತ್ರದ ಅಯಾನಾದರೂ ಹುಟ್ಟಿದ ದಾರಿ ಬೇರೆ. ಇಲ್ಲಿ ಪ್ರೋಟಾನ್ ಮೊದಲೇ ಸೇರಿರುವುದರಿಂದ ಪಕ್ಕದ ಫೀನಾಲಿನ ಸಹಾಯವಿಲ್ಲದೆಯೂ ಮೆಥನಾಲ್ ಹೋಗಬಲ್ಲದು. ಹಾಗಾಗಿ ನಿಮ್ಮ ಆರ್ಥೋ ತರ್ಕವನ್ನು ಇಲ್ಲಿಗೆ ಹಾಗೆಯೇ ತರಬೇಡಿ. 175ರಲ್ಲಿ ಇನ್ನೊಂದು ಪೀಕ್ ಕಂಡರೆ ಹೊಸ ಪದಾರ್ಥವೆಂದು ಭಾವಿಸದಿರಿ, ಅದು ಸೋಡಿಯಂ ಅಂಟಿಕೊಂಡ ಅದೇ ಅಣು, ಅಂತರ 21.98. ನಿಖರ ದ್ರವ್ಯರಾಶಿಯ ಉಪಕರಣದಲ್ಲಿ ಗಂಧಕದ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದನ್ನೂ ಗಮನಿಸಿ: ಮೆಥನಾಲ್ 32.0262, ಆಮ್ಲಜನಕದ ಜೋಡಿ 31.9898, ಗಂಧಕ 31.9721.

ಪರೀಕ್ಷಾರ್ಥಿ_ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಮೆಥನಾಲ್‌ಗೆ ಹೋದ ಹೈಡ್ರೋಜನ್ ಫೀನಾಲಿನದೇ ಎಂದು ನಾವು ಆಕಾರ ನೋಡಿ ಹೇಳುತ್ತಿದ್ದೇವೆ. ಅದು ಉಂಗುರದ ಹೈಡ್ರೋಜನ್ ಅಲ್ಲ ಎಂದು ಪ್ರಯೋಗದಿಂದ ತೋರಿಸಲು ಸಾಧ್ಯವೇ?

ರಸಾಯನ_ಮೇಷ್ಟ್ರು

ಸಾಧ್ಯ. ಮಾದರಿಯನ್ನು ಭಾರಜಲದೊಂದಿಗೆ ಚೆನ್ನಾಗಿ ಕುಲುಕಿದರೆ ಫೀನಾಲಿನ ಹೈಡ್ರೋಜನ್ ಹೋಗಿ ಆ ಜಾಗಕ್ಕೆ ಡ್ಯೂಟೀರಿಯಂ ಬರುತ್ತದೆ, ಉಂಗುರದ ಹೈಡ್ರೋಜನ್‌ಗಳು ಅಲ್ಲಾಡುವುದಿಲ್ಲ. ಯಾವ ಪೀಕ್ ಎಲ್ಲಿಗೆ ಸರಿಯಬೇಕು ಎಂಬುದನ್ನು ಮೂಲ ಪ್ರಶ್ನೆ ಕೇಳಿದವರೇ ಹೇಳಲಿ.

ಎಂಎಸ್ಸಿ_ಎರಡನೇವರ್ಷ

ಕಾಗದದ ಮೇಲೆ ಬರೆದು ನೋಡಿದೆ ಸರ್. ಅಣು ಅಯಾನು 153ಕ್ಕೆ ಸರಿಯಬೇಕು. ಫೀನಾಲಿನ ಡ್ಯೂಟೀರಿಯಂ ಮೆಥನಾಲ್ ಜೊತೆ ಹೊರಟುಹೋದರೆ ನಷ್ಟ 32ರ ಬದಲು 33, ಹಾಗಾಗಿ 120 ಇದ್ದಲ್ಲಿಯೇ ಉಳಿಯಬೇಕು, ಅದರ ಕೆಳಗಿನ 92 ಮತ್ತು 64 ಕೂಡ. ಹೋದದ್ದು ಉಂಗುರದ ಹೈಡ್ರೋಜನ್ ಆಗಿದ್ದರೆ ಡ್ಯೂಟೀರಿಯಂ ಉಳಿದುಕೊಂಡು 120 ಇದ್ದದ್ದು 121ಕ್ಕೆ ಏರಬೇಕು. ಮೆಥಾಕ್ಸಿ ರ‍್ಯಾಡಿಕಲ್ ಹೋಗುವ ದಾರಿಯಲ್ಲಿ ಡ್ಯೂಟೀರಿಯಂ ಹೇಗೂ ಅಣುವಿನಲ್ಲೇ ಉಳಿಯುವುದರಿಂದ ಹಳೆಯ 121 ಈಗ 122 ಆಗಬೇಕು, 93 ಇದ್ದದ್ದು 94 ಆಗಬೇಕು. ಸಮ ಏಣಿ ನಿಂತಲ್ಲೇ ನಿಂತು, ಬೆಸ ಏಣಿ ಮಾತ್ರ ಒಂದು ಸಂಖ್ಯೆ ಮೇಲೇರಬೇಕು.

ರಸಾಯನ_ಮೇಷ್ಟ್ರು

ತರ್ಕ ಪೂರ್ತಿ ಸರಿಯಾಗಿದೆ. ಪ್ರಯೋಗ ಮಾಡುವ ಅವಕಾಶ ಸಿಕ್ಕರೆ ಒಂದನ್ನು ನೆನಪಿಡಿ: ಇಂಜೆಕ್ಟರ್ ಮತ್ತು ಕಾಲಂನಲ್ಲಿರುವ ತೇವಾಂಶ ಡ್ಯೂಟೀರಿಯಂ ಅನ್ನು ಮತ್ತೆ ಹೈಡ್ರೋಜನ್‌ಗೆ ಬದಲಾಯಿಸುತ್ತದೆ, ಆದ್ದರಿಂದ 152 ಮತ್ತು 153 ಎರಡೂ ಒಟ್ಟಿಗೆ ಕಾಣಿಸುತ್ತವೆ. ಮೊದಲು ಎರಡು ಮೂರು ಬಾರಿ ಭಾರಜಲವನ್ನೇ ಹಾಯಿಸಿ ದಾರಿಯನ್ನು ಒದ್ದೆ ಮಾಡಿಕೊಳ್ಳಿ, ಆಮೇಲೆ ಮಾದರಿ ಹಾಕಿ. ಉಪಕರಣ ನೋಡಿಕೊಳ್ಳುವವರ ಅನುಮತಿ ಕೇಳಿಯೇ ಮಾಡಿ.